ತಮಿಳು ಬೇಡ ಅಂದ ಮೇಲೆ

ನಮ್ಮ ಮನೆಯಲ್ಲಿ ಕನ್ನಡ ದೊಡ್ಡವರ ಮಾತು, ತಮಿಳು ಮಕ್ಕಳ ಮಾತು. ಅಪ್ಪ ತುಮಕೂರು ಸೀಮೆಯಿಂದ ಬಂದು ಮದರಾಸಿನ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದವರು. ಅವರ ಮುಂದೆ, ಅಮ್ಮನ ಮುಂದೆ ನಾನೂ ತಂಗಿಯೂ ಕನ್ನಡದಲ್ಲೇ ಮಾತಾಡಬೇಕಿತ್ತು. ಅವರು ಆ ಕಡೆ ತಿರುಗಿದರೆ ತಮಿಳು. ಸ್ಕೂಲಿನಲ್ಲಿ ಬಿದ್ದ ಏಟು, ಕದ್ದು ತಿಂದ ಐಸು, ಅಮ್ಮನ ಮೇಲಿನ ಸಿಟ್ಟು ಎಲ್ಲ ತಮಿಳಿನಲ್ಲೇ ನಡೆಯುತ್ತಿತ್ತು. ಅಪ್ಪ ಅಮ್ಮನಿಗೂ ತಮಿಳು ಚೆನ್ನಾಗಿ ಬರುತ್ತಿತ್ತು. ಆದರೂ ಅದು ನಮ್ಮಿಬ್ಬರದೇ ಮಾತು ಅಂತ ನಾವು ಅಂದುಕೊಂಡಿದ್ದೆವು.

ತಂಗಿಯ ಬಾಣಂತನದ ಕಾಲದಲ್ಲಿ ನಾನು ಅವಳಿಗೆ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳನ್ನು ಕೇಳಿದೆ. "ಬರಿ, ಹೆಸರು ಮಾತ್ರ ಯಾರದೂ ಹಾಕಬೇಡ" ಅಂದಳು.

ಅವಳಿಗಿಂತ ನಾನು ತುಂಬಾ ದೊಡ್ಡವನು. ಮೊದಲು ಅಪ್ಪ, ಆಮೇಲೆ ಅಮ್ಮ ಹೋದಾಗ ಅವಳಿನ್ನೂ ಉದ್ದಲಂಗದ ಹುಡುಗಿ. ನಾನು ಎಂಟನೇ ಕ್ಲಾಸಿಗೆ ಓದು ಬಿಟ್ಟವನು, ಅದೂ ತಮಿಳು ಮೀಡಿಯಂ. ಕನ್ನಡ ಅಕ್ಷರ ಅಪ್ಪ ರಜೆಯ ದಿನ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆಸಿ ಬರೆಸಿ ಕಲಿಸಿದ್ದು. ಆ ಅಕ್ಷರವೇ ನನಗೆ ಅನ್ನ ಹಾಕಿತು. ಪ್ಯಾರೀಸ್ ಕಾರ್ನರಿನ ಸಂದಿಯೊಂದರಲ್ಲಿ ಮದುವೆ ಕಾರ್ಡು ಮಾರುವ ಅಂಗಡಿಯಿದೆ. ಅಲ್ಲಿ ಕನ್ನಡದ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವುದು ನನ್ನ ಕೆಲಸ. ಹೊಸೂರಿನವರು ಬರುತ್ತಾರೆ, ಮದರಾಸಿನಲ್ಲೇ ತಲೆಮಾರು ಕಳೆದ ಮನೆಗಳವರು ಬರುತ್ತಾರೆ. ಮದುವೆ, ಗೃಹಪ್ರವೇಶ, ನಾಮಕರಣ. ನನಗೆ ಗೊತ್ತಿರುವ ಬರಹದ ಕನ್ನಡವೆಲ್ಲ ಇಂಥದ್ದೇ. ಆಗಮಿಸಿ, ಹರಸಿ, ಆಶೀರ್ವದಿಸಿ. ಅದರಲ್ಲಿ ಕೆಟ್ಟ ಸುದ್ದಿಗೆ ಮಾತಿಲ್ಲ.

ತಂಗಿ ಬಿ.ಕಾಂ. ಮಾಡಿ ಪುರಸವಾಕ್ಕಂನಲ್ಲಿ ಒಬ್ಬ ಇನ್ಶೂರೆನ್ಸ್ ಏಜೆಂಟರ ಆಫೀಸಿಗೆ ಹೋಗುತ್ತಿದ್ದಳು. ಬಾಯಿ ಜೋರು. ನಮ್ಮ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಅವಳು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತ ನಾಲ್ಕು ಮನೆಯವರ ಜೊತೆ ಒಟ್ಟಿಗೆ ಜಗಳವನ್ನೂ ನಗೆಯನ್ನೂ ನಡೆಸುತ್ತಿದ್ದಳು. ಅಪ್ಪನ ಕಡೆಯ ಸಂಬಂಧಿಕರೊಬ್ಬರು ತಿಪಟೂರಿನ ಹತ್ತಿರದ ಒಬ್ಬ ಹುಡುಗನನ್ನು ತೋರಿಸಿದರು. ತೆಂಗಿನ ತೋಟ, ಕೊಬ್ಬರಿ ಸಾಗಿಸಲು ಸ್ವಂತ ಮಿನಿ ಲಾರಿ, ಮನೆಯಲ್ಲಿ ವಿಧವೆ ತಾಯಿ ಒಬ್ಬರೇ. ಹುಡುಗ ಕಡಿಮೆ ಮಾತಿನವನು, ನೋಡಿದರೇ ಒಳ್ಳೆಯವನೆಂದು ಗೊತ್ತಾಗುತ್ತದೆ. ಅಪ್ಪನ ಸೀಮೆಗೇ ಮಗಳು ವಾಪಸು ಹೋದ ಹಾಗಾಯಿತು ಅಂತ ನಾನು ಹಿಗ್ಗಿದೆ. ಕಾರ್ಡನ್ನು ನಾನೇ ಜೋಡಿಸಿದೆ.

ಅವರ ಮನೆ ಊರೊಳಗಿಲ್ಲ, ತೋಟದಲ್ಲಿದೆ. ಪಕ್ಕದ ಮನೆ ಅಂತ ಒಂದಿದೆ. ಅದರ ಹೊಗೆ ಕಾಣುತ್ತದೆ, ಮನೆ ಕಾಣುವುದಿಲ್ಲ.

ಚೊಚ್ಚಲ ಬಾಣಂತನ ತವರಿನದು. ನಮ್ಮದು ತವರು ಅಂದರೆ ಪೆರಂಬೂರಿನ ಒಂದು ರೂಮು, ಒಂದು ಅಡುಗೆಮನೆ. ಆ ಹೊತ್ತಿಗೆ ನನ್ನ ಹೆಂಡತಿಯ ತಾಯಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆ ರೂಮಿನಲ್ಲೇ ಮಲಗಿದ್ದರು. ನಾನು ಹೇಗೆ ಹೇಳಲಿ ಅಂತ ತಡಕಾಡುತ್ತಿರುವಾಗ ತಂಗಿಯ ಅತ್ತೆಯೇ ಫೋನಿನಲ್ಲಿ ಹೇಳಿದರು: "ನಾನೇ ಮಾಡ್ತೀನಿ ಬಿಡಪ್ಪ. ನಂಗೇನು ಹೆಣ್ಮಕ್ಕಳಿಲ್ಲ. ನನ್ ಸೊಸೆ ಬಾಣಂತನ ನನ್ ಕೈಯಲ್ಲೇ ಆಗ್ಲಿ." ನನ್ನ ಹೆಂಡತಿ ಪಕ್ಕದಿಂದ ಬೇಡ ಅಂತ ಕೈಯಾಡಿಸುತ್ತಿದ್ದಳು. ಹೇಗಾದರೂ ಜಾಗ ಮಾಡೋಣ, ಅವಳನ್ನು ಕರೆಸಿ ಅನ್ನುವುದು ಅವಳ ಮಾತು. ನಾನು ಫೋನಿಗೆ "ನಿಮ್ಮ ದೊಡ್ಡ ಮನಸ್ಸು ಅತ್ತೆ" ಅಂದುಬಿಟ್ಟೆ.

ಹೆಣ್ಣುಮಗು ಆಯಿತು. ಅತ್ತೆ ಯಾವ ಶಾಸ್ತ್ರವನ್ನೂ ಬಿಡಲಿಲ್ಲ. ಎಣ್ಣೆ ತಿಕ್ಕಿ ಹಂಡೆಹಂಡೆ ಬಿಸಿನೀರು ಹುಯ್ದರು, ಧೂಪ ಹಾಕಿದರು, ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಕಟ್ಟಿದರು, ಗಾಳಿಯಾಡದ ಒಳಮನೆಯಲ್ಲಿ ಮಲಗಿಸಿದರು. ತಮ್ಮ ಸೊಂಟ ನೋಯುತ್ತಿದ್ದರೂ ಒಂದು ದಿನ ತಪ್ಪಿಸಲಿಲ್ಲ. ಅವರ ಮೇಲೆ ನಾನು ಒಂದು ದೂರನ್ನೂ ಹೇಳಲಾರೆ.

ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಒಂದೇ ಜಾಗದಲ್ಲಿ, ಮುಂದಿನ ಜಗಲಿಯಲ್ಲಿ. ಅತ್ತೆ ಹಗಲೆಲ್ಲ ಕೂರುವುದೂ ಅಲ್ಲೇ, ಗರಿ ಸೀಳಿ ಪೊರಕೆ ಕಡ್ಡಿ ಮಾಡಿಕೊಂಡು. ತಂಗಿ ಒಳಮನೆಯಿಂದ ಹೊರಗೆ ಓಡಾಡುವಂತಾದ ಮೇಲೆ, ಮಧ್ಯಾಹ್ನ ನನ್ನ ಊಟದ ಹೊತ್ತಿಗೆ ಆ ಜಗಲಿಗೆ ಬಂದು ನನಗೆ ಫೋನು ಮಾಡುತ್ತಿದ್ದಳು. ಅತ್ತೆಯ ಎದುರಲ್ಲೇ ಕೂತು ತಮಿಳಿನಲ್ಲಿ ಮಾತಾಡುತ್ತಿದ್ದಳು.

"ತೂಕ್ಕಮೇ ವರಲೆ ಅಣ್ಣಾ" ಅನ್ನುತ್ತಿದ್ದಳು. ನಿದ್ದೆಯೇ ಬರುವುದಿಲ್ಲ. ಮಗು ಮಲಗಿದರೂ ಬರುವುದಿಲ್ಲ. ಮಗು ಅತ್ತರೆ ಎದೆ ಹೊಡೆದುಕೊಳ್ಳುತ್ತದೆ, ಎತ್ತಿಕೊಳ್ಳಲು ಕೈ ಏಳುವುದಿಲ್ಲ. ಮಧ್ಯಾಹ್ನ ಗರಿಗಳ ಸದ್ದು ಬಿಟ್ಟರೆ ಏನೂ ಇಲ್ಲ, ಯಾರೋ ಬಟ್ಟೆ ಎಳೆದುಕೊಂಡು ಹೋದ ಹಾಗೆ ಕೇಳುತ್ತದೆ. ಒಂದು ಸಲ ಹೇಳಿದಳು, "ಈ ಮಗು ನನ್ನನ್ನ ನೋಡೋದು ನೋಡಿದ್ರೆ, ಇವಳು ಯಾರು ಅಂತ ಕೇಳೋ ಹಾಗಿರತ್ತೆ. ಭಯಮಾ ಇರುಕ್ಕು ಅಣ್ಣಾ." ಭಯ ಆಗುತ್ತೆ ಅಂದಳು. ನಾನು ಟಿಫನ್ ಡಬ್ಬಿಯ ಮೊಸರನ್ನ ಕಲೆಸುತ್ತ, ಹಸಿ ಬಾಣಂತಿಯರಿಗೆ ಹಾಗೇ ಇರುತ್ತದೆ ಪಾಪಾ, ಸರಿಹೋಗುತ್ತದೆ ಅನ್ನುತ್ತಿದ್ದೆ. ಅವಳನ್ನು ಚಿಕ್ಕವಳಿದ್ದಾಗಿನಿಂದ ನಾನು ಪಾಪಾ ಅಂತಲೇ ಕರೆಯುವುದು. ಅವಳು ಅತ್ತು, ಮೂಗು ಒರೆಸಿಕೊಂಡು, "ಶರಿ, ನೀನು ತಿನ್ನು" ಅಂತ ಇಡುತ್ತಿದ್ದಳು. ಅಷ್ಟು ಹೇಳಿದ್ದರಿಂದ ಅವಳಿಗೆ ಉಸಿರು ಬರುತ್ತಿತ್ತು ಅನ್ನುವುದು ನನಗೆ ಆಗ ತಿಳಿಯಲಿಲ್ಲ. ಆ ಫೋನಿನ ಹೊತ್ತಾದರೆ ನನಗೆ ಊಟ ಸೇರುತ್ತಿರಲಿಲ್ಲ.

ನಾಮಕರಣಕ್ಕೆ ನಾನೂ ಹೆಂಡತಿಯೂ ಹೋದೆವು. ಚಪ್ಪರದ ಕೆಳಗೆ ಹೆಂಗಸರು ತಂಗಿಯನ್ನು ಸುತ್ತುವರಿದಿದ್ದರು. ಅವಳು ತೆಳ್ಳಗಾಗಿದ್ದಳು, ನಗುತ್ತಿದ್ದಳು. ನಾನು ನಗುವನ್ನು ಮಾತ್ರ ನೋಡಿದೆ.

"ಏನವ್ವ ಮದ್ರಾಸಿನೋಳೇ, ಮಗೀಗೂ ಅರವದಲ್ಲೇ ಜೋಗುಳ ಹಾಡ್ತೀಯಾ?" ಅಂದಳು ಒಬ್ಬ ಅಜ್ಜಿ. ತಮಿಳಿಗೆ ಅವರು ಅರವ ಅನ್ನುತ್ತಾರೆ.

"ಅಯ್ಯೋ, ಅದ್ಯಾಕೆ ಕೇಳ್ತೀಯ" ಅಂದರು ತಂಗಿಯ ಅತ್ತೆ. "ನನ್ ಸೊಸೆ ಫೋನು ಹಿಡಕಂಡ್ರೆ ರೇಡಿಯೋದಲ್ಲಿ ಬ್ಯಾರೆ ಸ್ಟೇಷನ್ನು ಬಂದಂಗೆ. ನಾನು ಎದುರ್‍ಗೇ ಕುಂತಿರ್ತೀನಿ. ನನ್ನ ಬೈತಾವ್ಳೋ, ಹೊಗಳ್ತಾವ್ಳೋ, ಆ ದೇವ್ರೇ ಬಲ್ಲ!"

"ಹೊಗಳೋಳು ಅಳ್ತಾ ಹೊಗಳ್ತಾಳೇನೇ?" ಅಂದಳು ಅಜ್ಜಿ.

ಎಲ್ಲರೂ ಗೊಳ್ಳೆಂದು ನಕ್ಕರು. ಅತ್ತೆಯೂ ನಕ್ಕರು. ಅವರ ನಗೆ ಅರ್ಧಕ್ಕೆ ನಿಂತಿತು, ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ನಾಚಿಕೆಯಾಯಿತು. ಇಷ್ಟು ಮಾಡಿದ ಹೆಂಗಸಿನ ಎದುರಿಗೇ ಕೂತು, ಅವರಿಗೆ ತಿಳಿಯದ ಮಾತಿನಲ್ಲಿ ಅಳುವುದೆಂದರೆ ಏನು? ನಾವು ಸಾಕಿದ ರೀತಿಯ ಬಗ್ಗೆ ಜನ ಏನಂದುಕೊಂಡಾರು?

ಊಟವಾದ ಮೇಲೆ ತಂಗಿಯನ್ನು ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಕರೆದೆ. ಇನ್ನು ಮೇಲೆ ಫೋನಿನಲ್ಲಿ ತಮಿಳು ಬೇಡ ಅಂದೆ. ಕನ್ನಡದಲ್ಲೇ ಮಾತಾಡು.

"ಕನ್ನಡದಲ್ಲಿ ಹೇಗೆ ಹೇಳ್ಲಿ ಅಣ್ಣಾ? ಎಲ್ಲಾರ್ಗೂ ಗೊತ್ತಾಗತ್ತೆ."

"ಎಲ್ಲಾರ್ಗೂ ಗೊತ್ತಾದ್ರೆ ಪರವಾಗಿಲ್ಲ ಅನ್ನೋ ಮಾತೇ ಆಡು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ "ಶರಿ" ಅಂದಳು. ತೊಟ್ಟಿಯಲ್ಲಿ ಕೈ ಅದ್ದಿ ತೊಳೆದುಕೊಂಡು ಒಳಗೆ ಹೋದಳು.

ಅಲ್ಲಿಂದ ಫೋನುಗಳು ಚೆನ್ನಾದವು. "ಊಟ ಆಯ್ತಾ ಅಣ್ಣಾ? ನಮ್ದಾಯ್ತು. ಮಗು ಮಲಗಿದೆ. ಅತ್ತೆ ಚೆನ್ನಾಗಿದಾರೆ. ಅತ್ತಿಗೆನ ಕೇಳ್ದೆ ಅಂತ ಹೇಳು." ಅಷ್ಟೇ. ನಾನು ಜೋಡಿಸುವ ಕಾರ್ಡುಗಳ ಹಾಗೆ, ಎಲ್ಲ ಮಂಗಳ. ಕೆಲವು ಸಲ ಅತ್ತೆ ಫೋನು ತೆಗೆದುಕೊಂಡು, "ಈಗ ನೋಡಪ್ಪ, ನಿನ್ ತಂಗಿ ಮಾತು ಬೆಲ್ಲದಂಗೈತೆ" ಅನ್ನುತ್ತಿದ್ದರು. ನನಗೂ ಹೊಟ್ಟೆ ತುಂಬ ಉಣ್ಣಲಾಯಿತು.

"ಏನ್ರೀ, ಇವಳು ಇಷ್ಟು ಕಮ್ಮಿ ಮಾತಾಡಿದ್ದು ಯಾವಾಗ್ರೀ?" ಅಂತ ನನ್ನ ಹೆಂಡತಿ ಒಂದು ಸಂಜೆ ಕೇಳಿದಳು.

"ಹೊಂದಿಕೊಂಡಿದಾಳೆ."

"ಹೊಂದಿಕೊಂಡಿದಾಳೋ, ಬಾಯಿ ಹೊಲಕೊಂಡಿದಾಳೋ? ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ, ಸುಮ್ಮ." ಸುಮ್ಮನೆ ಅನ್ನುವುದಕ್ಕೆ ತಮಿಳಿನ ಮಾತು ಅದು.

ಮದುವೆ ಸೀಸನ್ನು, ರಜೆ ಕೊಡುವುದಿಲ್ಲ ಅಂದೆ. ರಜೆ ಕೇಳಿರಲೇ ಇಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನು ನನ್ನ ಹೆಂಡತಿಗೂ ಬಹಳ ದಿನ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ತಂಗಿ ಎಂದಿನಂತೆ ಊಟ ಆಯ್ತಾ ಅಂದಳು. ಆಯ್ತು ಅಂದೆ. ಮಗು ಮಗುಚಿಕೊಳ್ಳುತ್ತದೆ ಅಂದಳು. ಸಂತೋಷ ಅಂದೆ. ಆಮೇಲೆ ಅದೇ ದನಿಯಲ್ಲಿ, ಏರಿಸದೆ ಇಳಿಸದೆ, ಸೊಪ್ಪಿನ ಸುದ್ದಿ ಹೇಳುವ ಹಾಗೆ, ತಮಿಳಿನಲ್ಲಿ ಒಂದು ಮಾತು ಅಂದಳು.

"ಎನ್ನೆ ಕೂಟ್ಟಿಟ್ಟು ಪೋ ಅಣ್ಣಾ."

ನನ್ನನ್ನು ಕರೆದುಕೊಂಡು ಹೋಗು ಅಣ್ಣಾ.

ನನಗೆ ಅರ್ಥವಾಯಿತು. ಗದ್ದಲದಲ್ಲಿ ಕೇಳಿಸಲಿಲ್ಲ ಅನ್ನುವ ಹಾಗೂ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ, ಫ್ಯಾನು ತಿರುಗುತ್ತಿತ್ತು. ನಾನು ಕನ್ನಡದಲ್ಲಿ ಉತ್ತರ ಕೊಟ್ಟೆ: "ಹಬ್ಬಕ್ಕೆ ಬರುವೆಯಂತೆ, ಎಲ್ಲರೂ ಸೇರಿ ಬನ್ನಿ." ಅತ್ತೆಯ ಕಿವಿಗೆ ಬೀಳಲಿ ಅನ್ನುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವಳು "ಸರಿ ಅಣ್ಣಾ, ಹಬ್ಬಕ್ಕೆ ಬರ್ತೀವಿ" ಅಂದಳು, ಕನ್ನಡದಲ್ಲಿ.

ಆ ದಿನ ಮತ್ತೆ ಫೋನು ಮಾಡಬೇಕಿತ್ತು. ಸಂಜೆ ಮಾಡೋಣ ಅಂದುಕೊಂಡೆ. ಸಂಜೆ ಬಂದಿತು. ಮಾಡಿದರೆ ಅವಳು ಮತ್ತೆ ಹೇಳುತ್ತಾಳೆ, ಹೇಳಿದರೆ ನಾನು ಹೋಗಬೇಕಾಗುತ್ತದೆ, ಹೋದರೆ ಕರೆತರಬೇಕಾಗುತ್ತದೆ, ತಂದು ಎಲ್ಲಿ ಮಲಗಿಸಲಿ, ಜನಕ್ಕೆ ಏನು ಹೇಳಲಿ? ಇದನ್ನೆಲ್ಲ ಅಷ್ಟು ಸ್ಪಷ್ಟವಾಗಿ ಯೋಚಿಸಿದೆ ಅಂತಲ್ಲ. ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಅವಳು ಆಮೇಲೆ ತಾನಾಗಿ ಫೋನು ಮಾಡಲಿಲ್ಲ. ನಾನು ಮಾಡಿದರೆ ಅತ್ತೆ ತೆಗೆಯುತ್ತಿದ್ದರು. ಮಲಗವ್ಳೆ, ಸ್ನಾನಕ್ಕೆ ಹೋಗವ್ಳೆ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ತಂಗಿಯ ಗಂಡನೇ ಫೋನು ಮಾಡಿದ. ಅವನು ನನಗೆ ಫೋನು ಮಾಡುವವನೇ ಅಲ್ಲ.

"ಬಾವ, ನೀವು ಒಂದ್ಸಲ ಬರಬೇಕಾಯ್ತದೆ" ಅಂದ. ಅವನ ಲಾರಿಯ ಎಂಜಿನ್ನು ಕೇಳಿಸುತ್ತಿತ್ತು.

"ಏನಾಯ್ತು?"

"ಮಾತಾಡ್ತಾ ಇಲ್ಲ. ಉಣ್ಣಾಕಿಲ್ಲ. ಮಗೀನ ನಿನ್ನೆ ತೊಟ್ಟಿಲಲ್ಲೇ ಬಿಟ್ಟು ಎದ್ದು ಹೋಗವ್ಳೆ. ಬಸ್ಸು ನಿಲ್ಲೋ ಮರದ ಕೆಳಗೆ ಕುಂತಿದ್ಲು. ಚಪ್ಪಲೀನೂ ಇಲ್ಲ. ಎಲ್ಲಿಗೆ ಅಂದ್ರೆ ಗೊತ್ತಿಲ್ಲ ಅಂತಾಳೆ. ಅವ್ವ ಗಾಳಿ ಸೋಕೈತೆ ಅಂತ ದಾರ ಕಟ್ಟಿಸ್ಕೊಂಡು ಬಂದ್ಲು. ನಂಗೆ ಅದಲ್ಲ ಅನ್ನಿಸ್ತದೆ ಬಾವ. ನಿಮ್ಮತ್ರ ಆದ್ರೆ ನಿಮ್ ಭಾಷೇಲಿ ಏನಾದ್ರೂ ಹೇಳ್ಬೋದು. ಮೊದ್ಲು ಹೇಳ್ತಿದ್ಲಲ್ಲ."

ಮೊದಲು ಹೇಳುತ್ತಿದ್ದಳಲ್ಲ ಅನ್ನುವ ಮಾತನ್ನು ಅವನು ಯಾವ ಮನಸ್ಸಿನಲ್ಲಿ ಆಡಿದನೋ ಗೊತ್ತಿಲ್ಲ. ಆ ದಿನದ ಮೊದಲ ರೈಲಿಗೇ ಹೊರಟೆ. ರಜೆ ಕೇಳಿದ ಕೂಡಲೇ ಸಿಕ್ಕಿತು.

ನಾನು ಹೋದಾಗ ಅವಳು ಒಳಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಲೆ ಬಾಚಿರಲಿಲ್ಲ. ಮಗು ಅತ್ತೆಯ ತೊಡೆಯ ಮೇಲೆ ಬಾಟಲಿ ಹಾಲು ಕುಡಿಯುತ್ತಿತ್ತು. ನಾನು ಎದುರು ಕೂತೆ. ಏನಮ್ಮಾ ಅಂದೆ. ನನ್ನ ಕಡೆ ನೋಡಿದಳು, ಬಸ್ಸಿನಲ್ಲಿ ಎದುರು ಕೂತವರನ್ನು ನೋಡುವ ಹಾಗೆ. ಕನ್ನಡದಲ್ಲಿ ಏನೇನೋ ಕೇಳಿದೆ. ಒಂದಕ್ಕೂ ಉತ್ತರವಿಲ್ಲ.

ಆಗ ಅವರೆಲ್ಲರ ಎದುರೇ ತಮಿಳಿನಲ್ಲಿ ಅಂದೆ. "ಸೊಲ್ಲು ಪಾಪಾ. ಎನ್ನ ವೇಣುಂನಾಲುಂ ಸೊಲ್ಲು." ಹೇಳು ಪಾಪಾ, ಏನು ಬೇಕಾದರೂ ಹೇಳು. ತಪ್ಪಾಯಿತು ಅಂತಲೂ ಅಂದೆ.

ಮಗು ಬಾಟಲಿ ಮುಗಿಸಿತು. ಆಮೇಲೆ ತುಟಿ ಅಲ್ಲಾಡಿತು. ಮೆಲ್ಲಗೆ, ನೆಲ ನೋಡುತ್ತ, ನಾಲ್ಕೈದು ಮಾತು ಹೇಳಿದಳು. ಹೇಳಿ ಮುಗಿಸಿ ಮೊದಲಿನ ಹಾಗೇ ಗೋಡೆಗೆ ಒರಗಿದಳು.

"ಏನಂದ್ಲು?" ಅಂದರು ಅತ್ತೆ.

ನಾನು ಅವರ ತೊಡೆಯ ಮೇಲಿನ ಮಗುವನ್ನು ನೋಡಿದೆ.

"ಏನಂದ್ಲಪ್ಪ? ನನ್ನ ಮ್ಯಾಲೇನಾದ್ರೂ ಹೇಳಿದ್ಲಾ? ಹೇಳಿದ್ರೂ ಹೇಳಪ್ಪ, ನಾನು ತಪ್ಪು ತಿಳ್ಕಳಾಕಿಲ್ಲ."

ಗಂಡ ಬಾಗಿಲಿನಲ್ಲಿ ನಿಂತಿದ್ದ. ನಾನು ಮಾಡಿದ ಏರ್ಪಾಡೇ ಹಾಗಿತ್ತಲ್ಲ, ಈ ಮನೆಯವರಿಗೆ ಗೊತ್ತಾಗಬಹುದಾದ ಮಾತು ಮಾತ್ರ ಆಡಬೇಕು ಅಂತ. ಈಗ ಗೊತ್ತಾಗಬಾರದ ಮಾತನ್ನು ನಾನೇ ಅವರ ಭಾಷೆಗೆ ತಿರುಗಿಸಿ ಹೇಳಬೇಕಾಗಿತ್ತು. ಬಾಯಿಯಲ್ಲಿ ಸರಿಯಾದ ಕನ್ನಡ ಬರಲಿಲ್ಲ. ತಡವರಿಸಿ, ಮಕ್ಕಳು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದೆ:

"ತಾನು ಇಲ್ದೇ ಇದ್ರೆ ಮಗು ಚೆನ್ನಾಗಿರತ್ತಂತೆ. ದಿನಾ ಹಿತ್ತಲಿನ ತೊಟ್ಟಿ ಹತ್ರ ಹೋಗಿ ನಿಂತ್ಕೋತಾಳಂತೆ. ಅಲ್ಲಿಂದ ದೂರ ಹೋಗ್ಬೇಕು ಅಂತ್ಲೇ ನಿನ್ನೆ ರಸ್ತೆಗೆ ಹೋಗಿ ಕೂತ್ಕೊಂಡಿದ್ದಂತೆ."

ಅತ್ತೆ ಮಗುವನ್ನು ಎದೆಗೆ ಒತ್ತಿಕೊಂಡರು. ಗಂಡ ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ತೊಟ್ಟಿಯ ನೀರನ್ನು ತೋಟಕ್ಕೆ ಬಿಟ್ಟ ಸದ್ದು ಕೇಳಿಸಿತು.

"ನಾನು ದಿನಾ ಎದುರ್‍ಗೇ ಕುಂತಿದ್ನಲ್ಲಪ್ಪ" ಅಂದರು ಅತ್ತೆ. ಮಗುವನ್ನು ನನ್ನ ಕೈಗೆ ಕೊಟ್ಟು, ಹೋಗಿ ಸೊಸೆಯ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ಸೊಸೆಯ ಕೈಯ ದಾರವನ್ನು ಹಲ್ಲಿನಿಂದ ಕಡಿದು ತೆಗೆದರು.

ಮರುದಿನ ಎಲ್ಲರೂ ಮದರಾಸಿಗೆ ಹೊರಟೆವು, ಅತ್ತೆಯೂ. ನನ್ನ ಹೆಂಡತಿ ತನ್ನ ತಾಯಿಯ ಮಂಚವನ್ನು ಅಡುಗೆಮನೆಗೆ ಎಳೆದು ಜಾಗ ಮಾಡಿದ್ದಳು. ಮೊದಲೇ ಮಾಡಬಹುದಾಗಿತ್ತು ಅನ್ನುವ ಮಾತನ್ನು ಅವಳು ಆಡಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಒಬ್ಬ ಹೆಂಗಸು. ತಂಗಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಇಬ್ಬರೇ ಇದ್ದರು. ಆಮೇಲೆ ನಮ್ಮನ್ನು ಕರೆದು ಹೇಳಿದರು. ಇದು ಕಾಯಿಲೆ, ಹೆರಿಗೆಯಾದ ಮೇಲೆ ಬಹಳ ಹೆಂಗಸರಿಗೆ ಬರುತ್ತದೆ, ಅವಳು ಮಗುವನ್ನು ಪ್ರೀತಿಸದೆ ಬಂದದ್ದಲ್ಲ. ಮಾತ್ರೆ ಬೇಕು, ನಿದ್ದೆ ಬೇಕು, ಸದ್ಯಕ್ಕೆ ಒಬ್ಬಳನ್ನೇ ಬಿಡಬಾರದು. ವಾಸಿಯಾಗುತ್ತದೆ. ಕೊನೆಗೆ "ಅವಂಗ ಯಾರ್‌ಕಿಟ್ಟೆ ಪೇಸುವಾಂಗ?" ಅಂತ ಕೇಳಿದರು. ಅವಳು ಯಾರ ಹತ್ತಿರ ಮಾತಾಡುತ್ತಾಳೆ? ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಮಾತ್ರೆಯ ಚೀಟಿ ನೋಡುತ್ತಿದ್ದೆ.

ವಾಸಿಯಾಗುವುದು ಅಂದರೆ ಜ್ವರ ಬಿಟ್ಟ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ವಾರಗಟ್ಟಲೆ ಏನೂ ಕಾಣಲಿಲ್ಲ. ಆಮೇಲೆ ಒಂದು ದಿನ ತಾನಾಗಿ ತಲೆ ಬಾಚಿಕೊಂಡಳು. ಮರುದಿನ ಮತ್ತೆ ಹಾಗೇ ಕೂತಳು. ಮಗು ಅವಳ ಬೆರಳು ಹಿಡಿದರೆ ಕೆಲವು ದಿನ ಬಿಡಿಸಿಕೊಳ್ಳುತ್ತಿದ್ದಳು, ಕೆಲವು ದಿನ ಬಿಡುತ್ತಿದ್ದಳು.

ಆ ತಿಂಗಳುಗಳಲ್ಲಿ ನಿಜವಾಗಿ ಕಷ್ಟಪಟ್ಟವರು ಅವಳ ಅತ್ತೆ. ನಮ್ಮ ಬೀದಿಯಲ್ಲಿ ಅವರಿಗೆ ಒಂದು ಪದವೂ ತಿಳಿಯದು. ಎಲ್ಲರೂ "ವಾಂಗ ಪಾಟ್ಟಿ", ಬನ್ನಿ ಅಜ್ಜಿ, ಅಂತ ಕರೆದು ಏನೋ ಕೇಳುತ್ತಾರೆ, ಇವರು ಸುಮ್ಮನೆ ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿಯೇ ಒಂದು ಸಲ ಪಕ್ಕದ ಮನೆಯವರ ಚೀಟಿಗೆ ಸೇರಿಬಿಟ್ಟಿದ್ದರು, ಬಿಡಿಸಲು ನನ್ನ ಹೆಂಡತಿ ಹೋಗಬೇಕಾಯಿತು.

"ಬಾಯಿದ್ದೂ ಮೂಗಿ ಕಣವ್ವ ನಾನಿಲ್ಲಿ" ಅಂತ ಒಂದು ಬೆಳಿಗ್ಗೆ ಅವರು ಮಗುವಿಗೆ ಎಣ್ಣೆ ಹಚ್ಚುತ್ತ ಹೇಳುತ್ತಿದ್ದರು. "ಸೊಪ್ಪಿನೋಳು ನನ್ನ ನೋಡಿ ಏನೋ ಅಂದು ನಗ್ತಾಳೆ. ಏನಂತಾಳೋ ಏನೋ."

ತಂಗಿ ಗೋಡೆಗೆ ಒರಗಿದ್ದವಳು, "ನಿಮ್ಮ ಮೂಗುತಿ ಚೆನ್ನಾಗಿದೆ ಅಂತಾಳೆ ಅತ್ತೆ" ಅಂದಳು.

"ದಿನಾನೂವಾ?"

"ದಿನಾನೂ. ಅದನ್ನ ನನಗೆ ಕೊಟ್ಟು ಹೋಗು ಅಂತಾಳೆ."

"ಅಯ್ಯೋ ಅವಳ! ಇಷ್ಟು ದಿನ ಹೂಂ ಹೂಂ ಅಂತ ತಲೆ ಆಡಿಸ್ತಿದ್ನಲ್ಲೇ!"

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ನಕ್ಕಳು. ಮಂಚದ ಮೇಲಿದ್ದ ಅವಳ ತಾಯಿಯೂ ನಕ್ಕರು. ತಂಗಿ ನಗಲಿಲ್ಲ. ಮಾರನೆಯ ದಿನ ಸೊಪ್ಪಿನವಳು ಕೂಗಿದಾಗ ಅತ್ತೆಯ ಜೊತೆ ಬಾಗಿಲ ತನಕ ಹೋದಳು. ಆಮೇಲಾಮೇಲೆ ಅವರಿಬ್ಬರೂ ಮಗುವನ್ನು ಎತ್ತಿಕೊಂಡು ಮಾರ್ಕೆಟ್ಟಿನ ತನಕ ಹೋಗಿಬರತೊಡಗಿದರು. ಸೊಸೆ ಮಾತಾಡುವುದು, ಅತ್ತೆ ಚೀಲ ಹಿಡಿಯುವುದು. ವಾಪಸು ಬರುವಾಗ ಅವರು ಏನು ಮಾತಾಡಿಕೊಳ್ಳುತ್ತಿದ್ದರೋ ನನಗೆ ಗೊತ್ತಿಲ್ಲ. ನನ್ನನ್ನು ಕಂಡರೆ ನಿಲ್ಲಿಸುತ್ತಿದ್ದರು.

ವಾಪಸು ಹೋಗುವುದು ಅವಳೇ ತೀರ್ಮಾನಿಸಿದ್ದು. ಇಲ್ಲೇ ಇರು ಅಂತ ನಾನು ಹೇಳಿದೆ, ಈಗ ಹೇಳಿದೆ. ಅವಳು ಗಂಡನ ಹತ್ತಿರ ಮೊದಲೇ ಮಾತಾಡಿಯಾಗಿತ್ತು. ತಿಪಟೂರಿನಲ್ಲಿ ಮನೆ ಮಾಡಲು ಅವನಿಗೆ ಆಗುವುದಿಲ್ಲ, ತೋಟ ಬಿಟ್ಟರೆ ನಡೆಯುವುದಿಲ್ಲ. ಆದರೆ ಲಾರಿ ಪೇಟೆಗೆ ಹೋಗುವ ದಿನವೆಲ್ಲ ಅವಳೂ ಹೋಗಬೇಕು, ಅಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯಬೇಕು, ಮಗು ಅತ್ತೆಯ ಹತ್ತಿರ ಇರಬೇಕು. ಡಾಕ್ಟರನ್ನು ಬಿಡಬಾರದು. ಅತ್ತೆಯೇ ಮೊದಲು ಸರಿ ಅಂದರಂತೆ.

ಹೊರಡುವ ಹಿಂದಿನ ಸಂಜೆ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನಾನೂ ಹತ್ತಿ ಹೋದೆ. ಆ ದಿನ ನೀನು ತಮಿಳಿನಲ್ಲಿ ಹೇಳಿದ್ದು ನನಗೆ ಅರ್ಥವಾಗಿತ್ತು ಅಂದೆ.

"ತೆರಿಯುಂ" ಅಂದಳು. ಗೊತ್ತು.

"ಅರ್ಥ ಆಗ್ಲಿಲ್ವೇನೋ ಅಂತ ನೀನು..."

"ಇಲ್ಲ ಅಣ್ಣಾ. ಅರ್ಥ ಆಗಿದ್ರಿಂದಾನೇ ಅಷ್ಟು ಬೇಗ ಹಬ್ಬದ ಮಾತು ಬಂತು. ಸಂಜೆ ಫೋನ್ ಮಾಡ್ತೀಯ ಅಂತ ಜಗಲೀಲಿ ಕೂತಿದ್ದೆ. ಅತ್ತೆ ಎಬ್ಬಿಸಿ ಒಳಗೆ ಕರ್ಕೊಂಡು ಹೋದ್ರು." ಮಗುವಿನ ಅಂಗಿ ಮಡಿಸಿ ಹೆಗಲಿಗೆ ಹಾಕಿಕೊಂಡಳು. "ಪರವಾಗಿಲ್ಲ ಅಂತ ಹೇಳಲ್ಲ. ಸುಳ್ಳಾಗತ್ತೆ."

ಬಟ್ಟೆಯ ಒಂದು ಭಾಗ ನನ್ನ ಕೈಗೆ ಕೊಟ್ಟಳು, ಇಬ್ಬರೂ ಇಳಿದೆವು.

ಈಗ ಅವಳ ಮಗಳು ನಡೆಯುತ್ತಾಳೆ. ತಂಗಿ ಮಂಡಿಯಿಂದ ಫೋನು ಮಾಡುತ್ತಾಳೆ. ಯಾವ ಭಾಷೆ ಅಂತ ನಾನು ಗಮನಿಸುವುದನ್ನು ಬಿಟ್ಟಿದ್ದೇನೆ. ಕೊಬ್ಬರಿಯ ಸುದ್ದಿ, ಮಗಳು ಮಣ್ಣು ತಿನ್ನುವ ಸುದ್ದಿ, ಮಂಡಿಯ ಯಜಮಾನನ ಜಿಪುಣತನ. ಎಲ್ಲ ಹೇಳುತ್ತಾಳೆ, ನಗಿಸುತ್ತಾಳೆ.

ಮೊನ್ನೆ ನಾನು ತೋಟದ ಮನೆಗೆ ಫೋನು ಮಾಡಿದಾಗ ಅತ್ತೆ ತೆಗೆದರು. ಮಾತಿನ ನಡುವೆ ಸಹಜವಾಗಿ ಅಂದರು: "ಹೋದ್ ತಿಂಗ್ಳು ಅವಳಿಗೆ ಮತ್ತೆ ಒಂಚೂರು ಹಂಗೇ ಆಗಿತ್ತಲ್ಲಪ್ಪ. ನಿದ್ದೆ ಕೆಟ್ಟಿತ್ತು. ಅವಳೇ ಬಂದು ಹೇಳಿದ್ಲು, ಅತ್ತೆ, ಆ ತರ ಬತ್ತಾ ಐತೆ ಅಂತ. ಡಾಕ್ಟ್ರ ಹತ್ರ ಕರ್ಕೊಂಡೋಗಿ ಬಂದೊ. ಈಗ ಚೆನ್ನಾಗವ್ಳೆ. ನಿಂಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಆ ತಿಂಗಳು ನಾವು ಎಷ್ಟೋ ಸಲ ಮಾತಾಡಿದ್ದೆವು. ನನ್ನ ತಂಗಿ ಆ ಭಯವನ್ನು ಯಾರಿಗೆ ತಿಳಿಯದಿರಲಿ ಅಂತ ತಮಿಳಿನಲ್ಲಿ ಆಡುತ್ತಿದ್ದಳೋ ಅವರಿಗೇ, ಅವರ ಕನ್ನಡದಲ್ಲೇ ಹೋಗಿ ಹೇಳಿದ್ದಳು. ನನಗೆ ಸಮಾಧಾನವಾಯಿತು. ನನಗೆ ಹೇಳಲಿಲ್ಲವಲ್ಲ ಅಂತಲೂ ಅನ್ನಿಸಿತು. ಅವಳ ಕೈಗೆ ಕೊಡಿ ಅಂದೆ.

"ಹೋದ ತಿಂಗಳು ಹುಷಾರಿರಲಿಲ್ವಂತೆ" ಅಂದೆ.

"ಹೂಂ. ಇಲ್ಲಿ ಹೇಳ್ದೆ ಅಣ್ಣಾ. ಕರ್ಕೊಂಡು ಹೋದ್ರು."

"ನನಗೂ ಹೇಳಬಹುದಿತ್ತು."

ಆ ಕಡೆ ಮಗಳು ಏನನ್ನೋ ಕೆಡವಿದ ಸದ್ದು. ಅವಳು ಗದರಿ, ಮತ್ತೆ ಫೋನಿಗೆ ಬಂದಳು.

"ಹೇಳಬಹುದಿತ್ತು" ಅಂದಳು. ಆಮೇಲೆ "ಮುಂದಿನ ಸಲ ನೋಡೋಣ" ಅಂದಳು.

ಹೂಂ ಅಂದೆ. ಮುಂದಿನ ಸಲ ಬರುವುದೇ ಬೇಡ ಅಂತ ಒಂದು ಮನಸ್ಸು. ಬಂದರೆ ಅವಳು ಹೇಳುವವರ ಪೈಕಿ ನಾನೂ ಇರಲಿ ಅಂತ ಇನ್ನೊಂದು. ಎರಡನ್ನೂ ಅವಳಿಗೆ ಹೇಳಲಿಲ್ಲ. ಇನ್ನೊಂದು ಕೆಲಸ ಮಾತ್ರ ಮಾಡಿದೆ. ಅಂಗಡಿಯಿಂದ ಮನೆಗೆ ಹೋಗಿ, ಕೈಕಾಲು ತೊಳೆದುಕೊಂಡು, ಅದೇ ಸಂಜೆ ಅವಳಿಗೆ ಮತ್ತೆ ಫೋನು ಮಾಡಿದೆ.

"ಏನಣ್ಣಾ, ಈಗ ತಾನೇ ಮಾತಾಡಿದ್ವಲ್ಲ?" ಅಂದಳು.

"ಸುಮ್ಮ" ಅಂದೆ.

ಅವಳು ಇಡಲಿಲ್ಲ. ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತ ಕೂತೆ.